ಬೆಲ್ಟಿಗೆ ತೊಂಬತ್ತಾರು ಮೊಳೆ

ಬರುವ ಶನಿವಾರ ಹೆಂಡತಿಯನ್ನು ಹಿಮದ ಮೇಲೆ ಓಡುವ ತನ್ನ ಸ್ನೋಮೊಬೈಲ್ ಬಂಡಿಯಲ್ಲಿ ಹಿಂದೆ ಕೂರಿಸಿಕೊಂಡೇ ಮಾವನ ಮನೆಗೆ ಹೋಗುವುದು, ಹೋಗದಿದ್ದರೆ ತನ್ನ ಹೆಸರು ವರ್ನರ್ ಹೈಕಿಲ ಅಲ್ಲ ಎಂದು ವರ್ನರ್ ಮಂಗಳವಾರವೇ ಘೋಷಿಸಿಬಿಟ್ಟ. ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ಐಲಾ ಹಿಟ್ಟು ನಾದುತ್ತಿದ್ದಳು. ಅವಳ ತಮ್ಮ ರೂಬೆನ್ ನಗುತ್ತಿದ್ದ. ಆ ನಗು ನೋಡಿಯೇ ವರ್ನರನ ಪಿತ್ತ ನೆತ್ತಿಗೇರಿತು.

ಎಲ್ಲಕ್ಕೂ ಮೂಲ ಹಿಂದಿನ ಶನಿವಾರ. ಮಾವ ವಿಲ್ಹೋನ ಮನೆ ಕೆರೆಯ ಆಚೆ ದಡದಲ್ಲಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋದರೆ ಕಾಲು ಗಂಟೆ, ರಸ್ತೆಯಲ್ಲಿ ಸುತ್ತಿದರೆ ಒಂದೂವರೆ ಗಂಟೆ. ಆ ದಿನ ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕಿ, ನಡುಕೆರೆಯಲ್ಲಿ ನುಣ್ಣನೆ ಮಂಜುಗಡ್ಡೆ ಮಾತ್ರ ಉಳಿಸಿತ್ತು. ಅಲ್ಲಿಗೆ ಬಂದದ್ದೇ ತಡ, ವರ್ನರನ ಬಂಡಿ ಬುಗುರಿಯಂತೆ ಮೂರು ಸುತ್ತು ತಿರುಗಿ ಐಲಾಳನ್ನು ಎಸೆಯಿತು. ಅವಳು ಕೂತ ಭಂಗಿಯಲ್ಲೇ, ಅಪ್ಪನಿಗೆಂದು ಮಾಡಿದ್ದ ಏಲಕ್ಕಿ ಬ್ರೆಡ್ಡಿನ ಸಮೇತ, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಗಾಳ ಹಾಕಿ ಕೂತಿದ್ದ ಏಳು ಜನರ ಎದುರು ಮೆರವಣಿಗೆ ಹೊರಟವಳಂತೆ ಜಾರಿಕೊಂಡು ಹೋದಳು. ಅವರಲ್ಲೊಬ್ಬ ಟೋಪಿ ತೆಗೆದು ತಲೆಬಾಗಿದನಂತೆ.

"ಇನ್ನು ನಿಮ್ಮ ಬಂಡಿ ಹತ್ತೋದಿಲ್ಲ" ಎಂದಳು ಐಲಾ ಎದ್ದು ನಿಂತು. "ಅಪ್ಪನ ಮನೆಗೆ ರೂಬೆನ್ ಜೊತೆ ಹೋಗ್ತೀನಿ. ಅವನ ಬಂಡಿಯ ಬೆಲ್ಟಿಗೆ ಮೊಳೆ ಇದೆ, ಜಾರಲ್ಲ."

ಇಪ್ಪತ್ತೆರಡು ವರ್ಷ ತನ್ನ ಬೆನ್ನ ಹಿಂದೆ ಕೂತವಳು ಈಗ ತಮ್ಮನ ಬೆನ್ನ ಹಿಂದೆ ಕೂತು, ಊರವರ ಕಣ್ಣೆದುರು ಕೆರೆ ದಾಟುವುದೇ? ವರ್ನರನಿಗೆ ಅನ್ನ ನೀರು ಸೇರಲಿಲ್ಲ. ಬಂಡಿಯ ಕೆಳಗೆ ಉರುಳುವ ರಬ್ಬರ್ ಬೆಲ್ಟಿಗೆ ತೂತು ಕೊರೆದು ಉಕ್ಕಿನ ಮೊಳೆ ಕೂರಿಸುವುದು ಯಾವ ಬ್ರಹ್ಮವಿದ್ಯೆ? ಅಂಗಡಿಗೆ ಹೋಗಿ ತೊಂಬತ್ತಾರು ಮೊಳೆ ತಂದ. ಇದ್ದುದರಲ್ಲೇ ಉದ್ದವಾದದ್ದು.

"ಭಾವ, ನಾನು ಹಾಕಿಕೊಡ್ಲಾ?" ಎಂದ ರೂಬೆನ್.

"ನೀನು ತೊಟ್ಟಿಲಲ್ಲಿದ್ದಾಗಲೇ ನಾನು ಈ ಕೆರೆ ದಾಟ್ತಿದ್ದೆ ಕಣಯ್ಯ."

"ಆಯ್ತಪ್ಪ. ಆದ್ರೆ ಬೆಲ್ಟಿನ ಮೇಲ್ಗಡೆ ಎಂಜಿನ್ ತಣ್ಣಗಿಡೋ ನೀರಿನ ಕೊಳವೆ ಇದೆ. ಮೊಳೆ ತಗುಲಿದ್ರೆ ಸೀಳಿಹೋಗುತ್ತೆ. ತಗುಲದ ಹಾಗೆ ಅಡ್ಡಕ್ಕೆ ಈ ತಗಡಿನ ಪಟ್ಟಿ ಹೊಡೀರಿ."

"ಅಳತೆ ಗೊತ್ತಿಲ್ಲದ ಪುಕ್ಕಲರಿಗೆ ಪಟ್ಟಿ. ನನಗ್ಯಾಕೆ?"

ಅಳತೆಯನ್ನೂ ಮಾಡಿದ. ಕೊಟ್ಟಿಗೆಯ ತೊಲೆಗೆ ಬಂಡಿಯನ್ನು ಸರಪಳಿಯಲ್ಲಿ ನೇತುಹಾಕಿ ನೋಡಿದ. ಮೊಳೆ ಹಾಕಿದ ಮೇಲೂ ಕೊಳವೆಗೆ ಎರಡು ಬೆರಳು ಜಾಗ ಉಳಿಯುತ್ತಿತ್ತು. ಅವನ ಮೀಸೆ ತಾನಾಗಿ ಮೇಲೆದ್ದಿತು.

ಶುಕ್ರವಾರ ಕೊಟ್ಟಿಗೆಯ ಚಳಿಗೆ ಬೆಲ್ಟು ಕಲ್ಲಾಗಿತ್ತು. ಕೊರೆಯಲು ಹೋದರೆ ಡ್ರಿಲ್ ಅಳುತ್ತಿತ್ತು, ವರ್ನರ್ ಬೈಯುತ್ತಿದ್ದ. ಅಷ್ಟು ದೊಡ್ಡ ಮನೆಯಲ್ಲಿ ರಬ್ಬರ್ ಮೆತ್ತಗಾಗುವ ಜಾಗ ಒಂದೇ, ಹಿತ್ತಿಲಲ್ಲಿದ್ದ ಹಬೆಸ್ನಾನದ ಸೌನಾ. ಒಲೆ ಹೊತ್ತಿಸಿದ. ಸ್ವಲ್ಪ ಹೊತ್ತಿಗೆ ಐಲಾ ಟವೆಲ್ ಹಿಡಿದು ಬಾಗಿಲು ತೆರೆದಳು.

"ರೀ, ಮೇಲಿನ ಬೆಂಚಲ್ಲಿ ಮಲಗಿರೋದು ಯಾರು?"

"ಬೆಲ್ಟು. ಮೆತ್ತಗಾಗ್ಲಿ ಅಂತ."

"ನಮ್ಮಜ್ಜ ಕಟ್ಟಿದ ಸೌನಾ ಇದು. ನಮ್ಮಮ್ಮ ಹುಟ್ಟಿದ್ದೇ ಆ ಬೆಂಚಿನ ಮೇಲೆ."

"ಇದೂ ಒಂಥರಾ ಹೆರಿಗೇನೇ ಅಂತ ತಿಳ್ಕೊಂಡ್ರಾಯ್ತು."

ಟವೆಲ್ ಅವನ ಮುಖಕ್ಕೆ ಬಂದು ಬಿತ್ತು. ಮೆತ್ತಗಾದ ಬೆಲ್ಟಿಗೆ ವರ್ನರ್ ಆ ರಾತ್ರಿಯೇ ತೊಂಬತ್ತಾರು ಮೊಳೆಯನ್ನೂ ಕೂರಿಸಿದ. ಸೌನಾ ಸುಟ್ಟ ಟೈರಿನ ವಾಸನೆ ಹೊಡೆಯುತ್ತಿತ್ತು.

ಶನಿವಾರ ವರ್ನರ್ ಮೊದಲು ಒಬ್ಬನೇ ಕೆರೆಗಿಳಿದ. ಗಾಳ ಹಾಕಿ ಕೂತವರ ಸುತ್ತ ಬೇಕೆಂದೇ ಎರಡು ಸುತ್ತು ಹೊಡೆದು, ಅವರ ಮೂಗಿನ ಮುಂದೆ ಗಕ್ಕನೆ ನಿಲ್ಲಿಸಿದ. ಬಂಡಿ ಒಂದು ಗೇಣೂ ಜಾರಲಿಲ್ಲ. ದಡಕ್ಕೆ ಬಂದಾಗ ಐಲಾ ಮೊಳೆಗಳನ್ನು ಬೂಟಿನ ತುದಿಯಿಂದ ಒದ್ದು ನೋಡಿದಳು.

"ಇದೊಂದು ಸಲ" ಎಂದು ಹಿಂದೆ ಹತ್ತಿ ಕೂತಳು.

ವರ್ನರನಿಗೆ ಆಕಾಶಕ್ಕೆ ಮೂರೇ ಗೇಣು. ಅರ್ಧ ಕೆರೆ ದಾಟುವಷ್ಟರಲ್ಲಿ ಉಬ್ಬಿದ ಮಂಜುಗಡ್ಡೆಯ ಮೇಲೆ ಬಂಡಿ ಎರಡು ಸಲ ದಡಬಡಿಸಿತು. ಕೆಳಗಿನಿಂದ ಕಿರ್ರೆಂದು ಸದ್ದು ಬಂತು.

"ಏನೋ ಕಿರುಚ್ತಿದೆ ಕಣ್ರೀ."

"ಹೊಸ ಮೊಳೆ. ಪಳಗ್ಬೇಕು."

ಪಳಗಲಿಲ್ಲ. ಹಿಂದೆ ತಿರುಗಿ ನೋಡಿದರೆ ಬಿಳಿ ಕೆರೆಯ ಮೇಲೆ ಉದ್ದಕ್ಕೂ ಎಂಜಿನ್ನಿನ ಹಸಿರು ನೀರಿನ ಗೆರೆ. ಎಂಜಿನ್ ಕಾದು, ಕೆಮ್ಮಿ, ನಿಂತುಹೋಯಿತು. ವರ್ನರ್ ಮಂಡಿಯೂರಿ ಬಗ್ಗಿ ನೋಡಿದ. ಕೊಳವೆ ಸೀಳಿತ್ತು. ಆಗ ಅವನಿಗೆ ಹೊಳೆಯಿತು. ನೇತುಹಾಕಿದ ಬಂಡಿಯ ಮೇಲೆ ಯಾರೂ ಕೂತಿರಲಿಲ್ಲ. ಇಬ್ಬರು ಕೂತು ಕುಲುಕಿದರೆ ಸ್ಪ್ರಿಂಗ್ ಕುಸಿಯುತ್ತದೆ, ಬೆಲ್ಟು ಮೇಲೆ ಬರುತ್ತದೆ, ಎರಡು ಬೆರಳು ಜಾಗ ಮಂಗಮಾಯ. ಅವನಿಗೆ ಮೊಳೆಯ ಮೇಲೆ, ಸ್ಪ್ರಿಂಗಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸರಿಯಾದ ಮಾತು ಹೇಳಿದ್ದ ರೂಬೆನ್ ಮೇಲೆ ಕೆಂಡದಂಥ ಕೋಪ ಬಂತು. ಆ ಕೋಪದಲ್ಲಿ, ಗಂಡನಾದವನು ಆಡಬಾರದ ಮಾತು ಬಾಯಿಂದ ಜಾರಿತು.

"ನಾನೊಬ್ನೇ ಕೂತಾಗ ಏನೂ ಆಗಿರ್ಲಿಲ್ಲ."

ಐಲಾ ನಿಧಾನವಾಗಿ ಕೆಳಗಿಳಿದಳು.

"ಅಂದ್ರೆ?"

"ಅಂದ್ರೆ... ಸ್ಪ್ರಿಂಗಿನ ವಿಷ್ಯ ಹೇಳಿದೆ."

"ಇಪ್ಪತ್ತೆರಡು ವರ್ಷದಿಂದ ನಿಮ್ಮ ಭಾರ ನಾನು ಹೊತ್ತಿದ್ದೀನಿ. ಒಂದು ದಿನ ನನ್ನ ಸ್ಪ್ರಿಂಗ್ ಕಿರುಚಿದ್ದು ಕೇಳಿದ್ದೀರಾ?"

ಹಿಂದೆಯೇ ಬರುತ್ತಿದ್ದ ರೂಬೆನ್ ತನ್ನ ಬಂಡಿ ನಿಲ್ಲಿಸಿ ಹಗ್ಗ ಬಿಚ್ಚಿದ. ನಗಲಿಲ್ಲ. ಪಾಪಿ ನಕ್ಕಿದ್ದರೆ ವರ್ನರನಿಗೆ ಬೈಯುವುದಕ್ಕಾದರೂ ಆಗುತ್ತಿತ್ತು.

"ಎಳೆಯೋವಾಗ ಯಾರಾದ್ರೂ ಕೂತು ಹ್ಯಾಂಡಲ್ ತಿರುಗಿಸ್ಬೇಕು" ಎಂದ ರೂಬೆನ್ ಹಗ್ಗ ಬಿಗಿಯುತ್ತ.

ವರ್ನರ್ ತನ್ನ ಜಾಗಕ್ಕೆ ಕಾಲು ಹಾಕಿದ. ಐಲಾ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಹಿಂದೆ ಕೂತ್ಕೊಳ್ಳಿ. ಹಿಂದೆ ಭಾರ ಇರಬಾರದಲ್ವೇ? ನೀವು ಹೂವಿನಂಗಿದ್ದೀರಿ."

ಹಾಗೆ ಶಪಥ ನೆರವೇರಿತು. ಗಂಡ ಹೆಂಡತಿ ಒಂದೇ ಬಂಡಿಯಲ್ಲಿ ಮಾವನ ಮನೆಗೆ ಹೊರಟರು. ಮುಂದೆ ರೂಬೆನ್, ಹಗ್ಗದ ಈ ತುದಿಯಲ್ಲಿ ಹ್ಯಾಂಡಲ್ ಹಿಡಿದ ಐಲಾ, ಅವಳ ಸೊಂಟ ಹಿಡಿದು ಹಲ್ಲು ಕಡಿಯುತ್ತ ವರ್ನರ್. ಮೀನಿನವರು ಗಾಳ ಬಿಟ್ಟು ಎದ್ದು ನಿಂತು ನೋಡಿದರು.

ದಡದಲ್ಲಿ ವಿಲ್ಹೋ ಕಾಯುತ್ತಿದ್ದ.

"ಏನು ಅಳಿಯಂದ್ರೆ, ಮೊಳೆ ಹಾಕಿದ್ರಂತೆ. ಹೇಗಿದೆ?"

ವರ್ನರ್ ಬಾಯಿ ತೆರೆಯುವ ಮುಂಚೆ ಐಲಾ ಕೈಗವಸು ಕಳಚುತ್ತ ಹೇಳಿದಳು:

"ತುಂಬ ಚೆನ್ನಾಗಿದೆ ಅಪ್ಪ. ಒಂಚೂರೂ ಜಾರಲ್ಲ. ನಡುಕೆರೆಯಲ್ಲಿ ನಿಂತಿತು ನೋಡು, ಏನು ಮಾಡಿದ್ರೂ ಅಲ್ಲಾಡಲಿಲ್ಲ."