ಜೋಕಾಲಿ ಏರಿದ ನನ್ನ ಫಿಜಿಕ್ಸ್

'ಗೊತ್ತಿಲ್ಲ' ಎಂಬ ಮಾತು ಮುದುಕರ ಬಾಯಿಂದ ಹೊರಡುವುದು ಬಹಳ ಕಷ್ಟ. ಹಲ್ಲುಗಳಾದರೂ ಸಲೀಸಾಗಿ ಹೊರಟುಹೋಗುತ್ತವೆ, ಆ ಮಾತು ಮಾತ್ರ ಹೊರಡುವುದಿಲ್ಲ. ಅದರಲ್ಲೂ ಕಾನ್ವೆಂಟಿನಲ್ಲಿ ಓದಿದ ನನ್ನಂಥವಳಿಗೆ ಪ್ರೆಸ್ಟೀಜ್ ಎಂಬುದೊಂದು ಹೆಚ್ಚಿನ ಕಾಯಿಲೆ. ಇಂಡಿ ಎಂಬ ಊರಿನ ನಮ್ಮ ಓಣಿಗೆ ನಾನು ಇವತ್ತಿಗೂ 'ಇಂಗ್ಲಿಷ್ ಬಾಯಾರು'. ಔಷಧದ ಚೀಟಿಯಿಂದ ಹಿಡಿದು ಹೊಸ ಮಿಕ್ಸರಿನ ಜೊತೆ ಬಂದ ಪುಸ್ತಕದವರೆಗೆ ಎಲ್ಲವೂ ನನ್ನ ಕನ್ನಡಕದ ಕೆಳಗೆ ಹಾದೇ ಮುಂದೆ ಹೋಗಬೇಕು. ಹೀಗಿರುವಾಗ ಎಂಟನೇ ತರಗತಿಯ ಮೊಮ್ಮಗಳು ಪಲ್ಲವಿ ಟ್ಯಾಬ್ ಹಿಡಿದು ಬಂದು, "ಆಯಿ, ಸ್ವಲ್ಪ ಫಿಜಿಕ್ಸ್ ಹೇಳಿಕೊಡು" ಎಂದರೆ ಗೊತ್ತಿಲ್ಲ ಎನ್ನುವುದುಂಟೇ?

ಅವಳ ಟೀಚರ್ ಒಂದು ಲಿಂಕ್ ಕಳಿಸಿದ್ದರು. ತೆರೆದರೆ, ದಾರಕ್ಕೆ ಕಟ್ಟಿದ ಒಂದು ಗುಂಡು ತೂಗಾಡುತ್ತಿತ್ತು. ಬೆರಳು ಸರಿಸಿದರೆ ಗುಂಡು ಭಾರವಾಗುತ್ತದೆ, ದಾರ ಉದ್ದವಾಗುತ್ತದೆ, ಬೇಕೆಂದರೆ ಚಂದ್ರನ ಮೇಲೂ ತೂಗಿಸಬಹುದು. ಸಿಂದಗಿಗೆ ಹೋಗುವ ಬಸ್ಸಿಗಾಗಿ ತಾಸುಗಟ್ಟಲೆ ನಿಲ್ಲುವ ನನಗೆ ಚಂದ್ರ ಇಷ್ಟು ಹತ್ತಿರವೆಂದು ಗೊತ್ತಿರಲಿಲ್ಲ. ಗುಂಡಿನ ಭಾರ ಹೆಚ್ಚಿಸಿದರೆ ಏನಾಗುತ್ತದೆ, ಮೊದಲು ಊಹಿಸಿ ಎಂದಿತು ಪರದೆ.

"ಆಬ್ವಿಯಸ್ಲಿ, ಭಾರ ಇದ್ದದ್ದು ಜೋರಾಗಿ ತೂಗ್ತದ" ಎಂದೆ.

ಪಲ್ಲವಿ ಒತ್ತಿ ನೋಡಿದಳು. "ಆಯಿ, ಎರಡೂ ಒಂದೇ ಅಂತ ತೋರಸ್ಲಿಕ್ಕತ್ತದ."

"ನೆಟ್ ಸ್ಲೋ ಇರಬೇಕು" ಎಂದುಬಿಟ್ಟೆ.

ಪಾಪ, ಮಗು ಪರದೆಯನ್ನು ಬಿಟ್ಟು ನನ್ನನ್ನು ನಂಬಿತು. ಸೋಮವಾರ ಸಿಂದಗಿಯಲ್ಲಿ ವಿಜ್ಞಾನ ಪ್ರದರ್ಶನ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳೂ ಬರುತ್ತಾರೆ. ಅದಕ್ಕೆಂದು ದೊಡ್ಡ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ 'ಭಾರ ಹೆಚ್ಚಿದರೆ ವೇಗ ಹೆಚ್ಚು' ಎಂದು ಬರೆದು, ಕೆಳಗೆ 'ಮಾರ್ಗದರ್ಶನ: ನಮ್ಮ ಆಯಿ' ಎಂದು ಸೇರಿಸಿದಳು. ನಾನು ಕಾಗುಣಿತ ನೋಡಿ ಓಕೆ ಎಂದೆ.

ಮರುದಿನ ನಾಗರಪಂಚಮಿ, ನಮ್ಮ ಕಡೆ ಜೋಕಾಲಿಯ ಹಬ್ಬ. ಪಕ್ಕದ ಮನೆಯ ಗಂಗವ್ವ ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದಳು. ಪಲ್ಲವಿ ಹಾಳೆಯನ್ನು ಬಿಡಿಸಿ ಹೆಮ್ಮೆಯಿಂದ ಓದಿದ್ದೇ ತಡ, ಗಂಗವ್ವ ಹಗ್ಗ ಕೈಬಿಟ್ಟು ನಕ್ಕಳು.

"ಏನ್ರಿ ಬಾಯಾರ, ಇದನ್ನ ಯಾರ್ ಹೇಳಿದ್ರು? ನಾ ನೋಡಿದ್ರ ಜ್ವಾಳದ ಚೀಲ, ನನ್ನ ತಂಗಿ ನೋಡಿದ್ರ ಜ್ವಾಳದ ದಂಟು. ಹುಟ್ಟಿದಾಗಿಂದ ಜೀಕೇವಿ, ಇಬ್ಬರದೂ ಹೋಗೂದು ಬರೂದು ಒಂದ ಐತಿ. ಹಗ್ಗ ಗಿಡ್ಡ ಮಾಡ್ರಿ, ಆಗ ನೋಡ್ರಿ ಹೆಂಗ್ ಓಡತೈತಿ!"

ಪಲ್ಲವಿಯ ಮುಖ ಸಣ್ಣಗಾಯಿತು. "ಆಯಿ, ಸೋಮವಾರ ಎಲ್ಲಾರೂ ನನಗ ನಗ್ತಾರೇನು?"

ಪರೀಕ್ಷೆಯೇ ಆಗಲಿ ಎಂದೆ. ಪಲ್ಲವಿ ಮೊದಲು ಕೂತಳು. ಜೀಕದೆ ಸುಮ್ಮನೆ ಹತ್ತು ಸಲ ತೂಗಿದ್ದನ್ನು ನಾನು ಫೋನಿನಲ್ಲಿ ಅಳೆದೆ. ಆಮೇಲೆ ಫೋನು ಅವಳ ಕೈಗೆ ಹೋಯಿತು, ಹಲಗೆ ನನ್ನ ಪಾಲಿಗೆ ಬಂತು.

ನಿಜ ಹೇಳಬೇಕೆಂದರೆ, ನಾನು ಜೋಕಾಲಿ ಏರಿದವಳೇ ಅಲ್ಲ. ಪ್ರತಿ ಪಂಚಮಿಗೂ ನಾನು ಹಾಸ್ಟೆಲಿನಲ್ಲಿರುತ್ತಿದ್ದೆ. ಇಲ್ಲಿ ಗೆಳತಿಯರು ಮುಗಿಲಿಗೆ ಜೀಕುವಾಗ ಅಲ್ಲಿ ನಾನು ಬ್ರೆಡ್ಡು ತಿಂದು ಫಿಜಿಕ್ಸ್ ಉರುಹೊಡೆಯುತ್ತಿದ್ದೆ. ನನ್ನ ಪಾಲಿನ ಶೇಂಗಾ ಉಂಡಿ ತೆಗೆದಿಟ್ಟಿದ್ದೇನೆಂದು ಅವ್ವ ಕಾಗದ ಬರೆಯುತ್ತಿದ್ದಳು. ದೀಪಾವಳಿ ರಜೆಗೆ ಬರುವಷ್ಟರಲ್ಲಿ ಅದು ಕಲ್ಲಾಗಿರುತ್ತಿತ್ತು.

"ಗಟ್ಟಿ ಹಿಡೀರಿ ಬಾಯಾರ, ಹಗ್ಗ ಹೊಸಾದೈತಿ, ಟೊಂಗಿ ಹಳೇದೈತಿ" ಎಂದು ಧೈರ್ಯ ತುಂಬಿ ಗಂಗವ್ವ ನನ್ನನ್ನು ಹಿಂದಕ್ಕೆಳೆದು ಬಿಟ್ಟಳು. ಕಾಲು ನೆಲ ಬಿಟ್ಟಿತು. ಕೇಳದೆಯೇ ನನ್ನ ಬಾಯಿಂದ, ಕ್ಲಾಸಿನಲ್ಲಿ ಕೈಕಟ್ಟಿ ನಿಂತ ಹುಡುಗಿಯ ದನಿಯಲ್ಲಿ, ಒಂದು ವಾಕ್ಯ ಹೊರಟಿತು: "ದ ಟೈಮ್ ಪೀರಿಯಡ್ ಆಫ್ ಎ ಸಿಂಪಲ್ ಪೆಂಡುಲಮ್ ಇಸ್ ಇಂಡಿಪೆಂಡೆಂಟ್ ಆಫ್ ದ ಮಾಸ್ ಆಫ್ ದ ಬಾಬ್!"

"ಹಂಗಂದ್ರ ಏನ್ರಿ?" ಎಂದಳು ಗಂಗವ್ವ.

"ನೀ ಈಗ ಹೇಳಿದ್ದೇ" ಎಂದೆ, ಹಿಂದಕ್ಕೆ ಹೋಗುತ್ತಾ.

ಈ ಒಂದು ವಾಕ್ಯಕ್ಕೆ ಅಂದು ನನಗೆ ಪೂರ್ತಿ ಮಾರ್ಕು ಬಂದಿತ್ತು. ಅದರೊಳಗೆ ಜೋಕಾಲಿಯೊಂದು ಇತ್ತೆಂದು ಮಾತ್ರ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಸೇಮ್, ಆಯಿ! ಸೇಮ್!" ಎಂದು ಪಲ್ಲವಿ ಫೋನು ಹಿಡಿದು ಕುಣಿದಳು. ಸಂಜೆ ಹೊಸ ಹಾಳೆ ಸಿದ್ಧವಾಯಿತು. ಜೋಕಾಲಿಯ ಚಿತ್ರ, ಎರಡೂ ಅಳತೆಗಳು, ಕೆಳಗೆ 'ಮಾರ್ಗದರ್ಶನ: ಗಂಗವ್ವ'. ನನ್ನ ಹೆಸರು ಪೂರ್ತಿ ಹೋಯಿತೇ ಎಂದು ಕನ್ನಡಕ ಏರಿಸಿ ಹುಡುಕಿದೆ. ಇತ್ತು. ಚಿತ್ರದಲ್ಲಿ ಹಗ್ಗದ ತುದಿಗೆ ಬಾಣದ ಗುರುತು ಹಾಕಿ ಬರೆದಿದ್ದಳು: 'ಗುಂಡು: ನಮ್ಮ ಆಯಿ'.

ಕಾಗುಣಿತ ಸರಿಯಾಗಿತ್ತು. ಓಕೆ ಎಂದೆ.