ನಾಲ್ಕಕ್ಕೆ ಒಂದು ವರ್ಷ, ಐದಕ್ಕೆ ಸೊನ್ನೆ

ಶುಕ್ರವಾರ ಬೆಳಿಗ್ಗೆ ವರ್ನನ್ ಹಾಗೆನ್ ಅಂಗಳದ ಹುಲ್ಲು ಕತ್ತರಿಸುತ್ತಿದ್ದಾಗ ಪಕ್ಕದ ಮನೆಯ ಡ್ವೇನ್ ಬೇಲಿಯ ಮೇಲೆ ಕತ್ತು ಚಾಚಿದ. ಆ ಕತ್ತು ಕಂಡಿತೆಂದರೆ ವರ್ನನ್‌ನ ದಿನ ಕೆಟ್ಟಿತೆಂದೇ ಲೆಕ್ಕ.

"ಎ.ಪಿ. ಪರೀಕ್ಷೆ ರಿಸಲ್ಟ್ ಬಂತಲ್ಲಯ್ಯ! ನಮ್ಮ ಬ್ರಿಟಾಗೆ ಎಲ್ಲಾದ್ರಲ್ಲೂ ನಾಲ್ಕು. ಹೈಸ್ಕೂಲಲ್ಲೇ ಕಾಲೇಜಿನ ಪಾಠ ಓದಿದ್ದಕ್ಕೆ ಸ್ಟೇಟ್ ಯೂನಿವರ್ಸಿಟಿಯೋರು ಕ್ರೆಡಿಟ್ ಕೊಡ್ತಾರಂತೆ. ಸೀದಾ ಎರಡನೇ ವರ್ಷಕ್ಕೇ ಹೋಗ್ತಾಳೆ. ನಿಮ್ಮವನಿಗೆ?"

"ಎಲ್ಲಾದ್ರಲ್ಲೂ ಐದು," ಎಂದ ವರ್ನನ್. ಐದರ ಮೇಲೆ ಅಂಕವೇ ಇಲ್ಲವೆಂಬುದು ಡ್ವೇನ್‌ಗೆ ನೆನಪಾಗಲಿ ಎಂದು ಕಾದ.

"ಹಾಗಾದ್ರೆ ಅವನಿಗೂ ಒಂದು ವರ್ಷ ಉಳೀತು ಬಿಡು!"

ವರ್ನನ್ ಒಳಗೋಡಿ, ಮಗ ಆಂಡರ್ಸ್ ಸೇರಲಿದ್ದ ದೊಡ್ಡ ಹೆಸರಿನ ಖಾಸಗಿ ಕಾಲೇಜಿಗೆ ಫೋನ್ ಮಾಡಿದ.

"ಅಭಿನಂದನೆ ಸರ್," ಎಂದಳು ಅಲ್ಲಿನ ಹೆಂಗಸು, ಸಕ್ಕರೆಯಂಥ ದನಿಯಲ್ಲಿ. "ಆದ್ರೆ ನಾವು ಅದಕ್ಕೆಲ್ಲ ಕ್ರೆಡಿಟ್ ಕೊಡಲ್ಲ. ಇಲ್ಲಿಗೆ ಬರೋರಿಗೆಲ್ಲ ಐದೇ ಬಂದಿರುತ್ತೆ."

ನಾಲ್ಕು ಬಂದವಳಿಗೆ ಒಂದು ವರ್ಷ, ಐದು ಬಂದವನಿಗೆ ಸೊನ್ನೆ! ಡ್ವೇನ್ ಹೊಸ ದೋಣಿ ಕೊಂಡಾಗಲೂ ವರ್ನನ್‌ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.

"ಅಂಥ ಕಾಲೇಜು ಸಿಕ್ಕಿರೋದೇ ಹೆಚ್ಚು, ಸುಮ್ನೆ ಕರುಬಬೇಡ," ಎಂದಳು ಹೆಂಡತಿ ಆರ್ಡಿಸ್.

"ಕರುಬೋದಾ? ನಾನಾ?" ಎನ್ನುತ್ತಲೇ ಅವನು ಸ್ಟೇಟ್ ಯೂನಿವರ್ಸಿಟಿಯ ನಂಬರು ಒತ್ತಿದ. ಅಲ್ಲಿ ಸೀಟೂ ಇತ್ತು, ಒಂದು ವರ್ಷದ ಕ್ರೆಡಿಟ್ಟೂ ಇತ್ತು.

"ಅಪ್ಪಾ, ನಾನು ನಿದ್ದೆಗೆಟ್ಟು ಓದಿದ್ದೇ ಆ ಕಾಲೇಜಿಗೋಸ್ಕರ," ಎಂದ ಆಂಡರ್ಸ್.

"ಒಂದು ವರ್ಷ ಅಂದ್ರೆ ತಮಾಷೆನಾ? ಸೀಟು ಬೇಡ ಅಂತ ಬರಿ!"

ಮಧ್ಯಾಹ್ನ ಆಂಡರ್ಸ್ ಮುಖ ಊದಿಸಿಕೊಂಡು ಕಾಲೇಜಿಗೆ ಮೇಲ್ ಕಳಿಸಿದ.

ಸಂಜೆ ಡ್ವೇನ್‌ನ ಹಿತ್ತಲಲ್ಲಿ ಬೀದಿಯವರೆಲ್ಲ ಸೇರಿದ್ದರು, ಗ್ರಿಲ್ ಮೇಲೆ ಸಾಸೇಜ್ ಸಿಡಿಯುತ್ತಿತ್ತು. ವರ್ನನ್ ಆಲೂಗಡ್ಡೆ ಸಲಾಡಿನ ಬಟ್ಟಲು ಹಿಡಿದು, ಮಗನನ್ನು ಮುಂದೆ ತಳ್ಳಿಕೊಂಡು, ಎದೆಯುಬ್ಬಿಸಿ ಬಂದ.

"ನಮ್ಮವನೂ ಎರಡನೇ ವರ್ಷಕ್ಕೇ! ನಿಮ್ಮ ಬ್ರಿಟಾ ಜೊತೆ ಸ್ಟೇಟ್ ಯೂನಿವರ್ಸಿಟಿಗೇ!"

"ಅಯ್ಯೋ, ಬ್ರಿಟಾ ಅಲ್ಲಿಗೆ ಹೋಗಲ್ಲ ಕಣಯ್ಯ!" ಡ್ವೇನ್ ಅವನನ್ನು ಬಾಚಿ ತಬ್ಬಿಕೊಂಡ. "ಆಂಡರ್ಸ್‌ಗೆ ಸಿಕ್ಕಿತ್ತಲ್ಲ, ಆ ಕಾಲೇಜಲ್ಲಿ ಇವಳು ವೇಟಿಂಗ್ ಲಿಸ್ಟಲ್ಲಿದ್ಲು. ನಾಚಿಕೆಗೆ ಯಾರಿಗೂ ಹೇಳಿರ್ಲಿಲ್ಲ. ಈಗ ತಾನೇ ಫೋನ್ ಬಂತು. ಯಾವನೋ ಪುಣ್ಯಾತ್ಮ ಇವತ್ತು ಮಧ್ಯಾಹ್ನ ಸೀಟು ಬಿಟ್ಟನಂತೆ!"

ವರ್ನನ್ ಅವನ ಅಪ್ಪುಗೆಯಿಂದ ಬಿಡಿಸಿಕೊಂಡ. "ಮತ್ತೆ... ಕ್ರೆಡಿಟ್ಟು?"

"ಹಾಳಾಗ್ಹೋಗ್ಲಿ! ಅಂಥ ಕಾಲೇಜು ಕೈಗೆ ಬಂದಿರೋವಾಗ ಒಂದು ವರ್ಷಕ್ಕೆ ಆಸೆಪಟ್ಟು ಬಿಡೋ ಮುಠ್ಠಾಳ ಯಾವನಿದಾನೆ?"

ಆಂಡರ್ಸ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಅಪ್ಪನನ್ನೇ ನೋಡುತ್ತ ನಿಂತ.