ಕಾಳುಮೆಣಸು ಹಿಡಿದ ದಾರಿ

ಮಕ್ಕಳ ಎತ್ತರವನ್ನು ನಾವು ಬಾಗಿಲ ಚೌಕಟ್ಟಿಗೆ ಗೀಟೆಳೆದು ಅಳೆಯುತ್ತೇವೆ, ಬಿದ್ದ ಹಲ್ಲನ್ನು ಬಂದವರಿಗೆಲ್ಲ ತೋರಿಸುತ್ತೇವೆ. ಆದರೆ ಮೂಗಿನ ಒಳಗೂ ಏನೋ ಬೆಳೆಯುತ್ತಿರುತ್ತದೆ ಎಂದು ಯಾವ ಅಪ್ಪ ಯೋಚಿಸುತ್ತಾನೆ? ನಮ್ಮ ಮನೆಯಲ್ಲಂತೂ ಮೂಗೆಂದರೆ ಹೊರಗೆ ಕಾಣುವಷ್ಟೇ. ಮಗಳು ಗಾನವಿ ಹುಟ್ಟಿದಾಗ ನನ್ನಮ್ಮ ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಅವಳ ಮೂಗನ್ನು ನೀವುತ್ತಿದ್ದರು. "ಈಗ್ಲೇ ತಿದ್ದಿದ್ರೆ ಸರಿ, ಇಲ್ಲಾಂದ್ರೆ ಅಪ್ಪನ ಮೂಗೇ ಗತಿ" ಎಂದು ನನ್ನೆದುರೇ ಹೇಳುತ್ತಿದ್ದರು. ನನ್ನ ಮೂಗನ್ನು ನೀವಿದ್ದೂ ಅದೇ ಕೈ ಎಂದು ನಾನು ನೆನಪಿಸಲು ಹೋಗಲಿಲ್ಲ.

ನಾನು ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಕಳೆದ ಬೇಸಿಗೆಯಲ್ಲಿ ಕಣದ ತುಂಬ ಕಾಳುಮೆಣಸು ಒಣಗಲು ಹಾಕಿದ್ದರು. ಅಲ್ಲಿ ಆಡುತ್ತಿದ್ದ ಗಾನವಿಗೆ ಆಗ ನಾಲ್ಕು ವರ್ಷ. ಇದ್ದಕ್ಕಿದ್ದಂತೆ ಹೆಂಡತಿ ಶೈಲಾಳ ಕೂಗು: "ರೀ, ಬೇಗ ಬನ್ನಿ! ಇವ್ಳು ಮೂಗೊಳಗೆ ಮೆಣಸು ಹಾಕ್ಕೊಂಡಿದ್ದಾಳೆ!"

ಓಡಿದೆ. ಬುದ್ಧಿವಂತನಂತೆ ಕಿರುಬೆರಳು ಹಾಕಿದೆ. ಕಾಳು ಇನ್ನಷ್ಟು ಒಳಗೆ ಸರಿಯಿತು. ಮಗು ಕಿರುಚಿತು. ಅದು ಉಸಿರಿನ ನಾಳಕ್ಕೆ ಜಾರಿದರೆ ಎಂದು ನೆನೆದೊಡನೆ ಮಗುವನ್ನು ಎತ್ತಿಕೊಂಡೆ. ಎಸ್ಟೇಟಿನ ಜೀಪಿನಲ್ಲಿ ಅಮ್ಮತ್ತಿಯ ಡಾಕ್ಟರಮ್ಮನ ಬಳಿ ಧಾವಿಸಿದೆವು.

ಅವರು ನಿಧಾನವಾಗಿ ಟಾರ್ಚು ಬಿಟ್ಟು ನೋಡಿದರು. "ಈ ವಯಸ್ಸಲ್ಲಿ ಮೂಗಿನ ದಾರಿ ಕಿರಿದು. ಹಣೆ ಹಿಂದಿನ ಗಾಳಿಗೂಡುಗಳು ಇನ್ನೂ ಸರಿಯಾಗಿ ಮೂಡಿರೋದಿಲ್ಲ. ಬೆಳೀತಾ ಬೆಳೀತಾ ಎಲ್ಲ ಅಗಲ ಆಗ್ತದೆ. ಅದಕ್ಕೇ ಮಕ್ಕಳಿಗೆ ಚೂರು ನೆಗಡಿ ಆದ್ರೂ ಮೂಗು ಕಟ್ಟೋದು" ಎಂದು ಹೇಳಿ ನನ್ನತ್ತ ತಿರುಗಿದರು. "ಕಾಳು ಇಲ್ಲದ ಕಡೆ ಹೊಳ್ಳೆ ನಾನು ಮುಚ್ಚಿರ್ತೇನೆ. ನೀವು ಮಗುವಿನ ಬಾಯಿಗೆ ಬಾಯಿಟ್ಟು, ನಾನು ಹೇಳಿದಾಗ ಫಕ್ಕನೆ ಒಮ್ಮೆ ಊದಿ."

"ನಾನಾ?"

"ಅಪ್ಪ ಅಲ್ವಾ? ಮುತ್ತು ಕೊಟ್ಟ ಹಾಗೆ."

ಊದಿದೆ. ಟಪ್ಪೆಂದು ಹಾರಿದ ಕಾಳು ನನ್ನ ಕೆನ್ನೆಗೆ ಬಡಿದು ನೆಲಕ್ಕೆ ಬಿತ್ತು. ಗಾನವಿ ಅಳು ನಿಲ್ಲಿಸಿ, ಬಗ್ಗಿ, ಅದನ್ನು ಬಹಳ ಹೊತ್ತು ನೋಡಿದಳು.

"ಪಪ್ಪಾ, ದಾರಿ ದೊಡ್ಡದಾದ್ಮೇಲೆ ಎರಡು ಹಾಕ್ಬಹುದಾ?"

ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ಹೊರಟದ್ದು ನಗುವಲ್ಲ, ಅಳು, ತಡೆದಷ್ಟೂ ಹೆಚ್ಚಾಯಿತು. ಡಾಕ್ಟರಮ್ಮ ಹತ್ತಿಯ ಉಂಡೆಯನ್ನು ಮಗುವಿಗಲ್ಲ, ನನಗೆ ಕೊಟ್ಟರು. "ಮಗುವಿನ ಮೂಗು ಬಿಟ್ಟಿತು, ನಿಮ್ದೇ ಕಟ್ಟಿತಲ್ಲ!" ಎಂದರು.

ನಿಜ. ಪೂರ್ತಿ ಬೆಳೆದು ಅಗಲವಾದ ನನ್ನ ಎರಡೂ ದಾರಿಗಳು ಮುಚ್ಚಿಹೋಗಿದ್ದವು. ಬಾಯಲ್ಲಿ ಉಸಿರಾಡುತ್ತ ನಾನು ಜೀಪಿನ ಕಡೆ ಹೆಜ್ಜೆ ಹಾಕಿದೆ. ಗಾನವಿ ನನ್ನ ಬೆರಳು ಹಿಡಿದು, "ಮೆಲ್ಲ ಬಾ ಪಪ್ಪಾ" ಎಂದು ನಡೆಸಿಕೊಂಡು ಹೋದಳು.